ಬೆನ್ನುಮುಳ್ಳಿನ ಲೆಕ್ಕ

ಟೈರ್ ಸಿಡಿಯಬಹುದು. ಸಿಡಿದರೆ ಗೌಲ್ಬರ್ನ್ ದಾಟಿದ ಮೇಲೆ, ಫೋನಿಗೆ ಸಿಗ್ನಲ್ ಸಿಗದ ಜಾಗ ನೋಡಿಕೊಂಡೇ ಸಿಡಿಯುತ್ತದೆ. ಕಾಂಗರೂ ಅಡ್ಡ ಬರಬಹುದು. ಅದನ್ನು ತಪ್ಪಿಸಲು ಹೋಗಿ ಎದುರಿನ ಲಾರಿಗೆ ಗುದ್ದಬಹುದು. ಗುದ್ದದೆ ಬರೀ ಜೋರಾಗಿ ಬ್ರೇಕ್ ಒತ್ತಿದರೂ ಸಾಕು, ಹಿಂದಿನ ಸೀಟಿನ ಪೆಟ್ಟಿಗೆ ಮುಂದಕ್ಕೆ ಹಾರಿ ಅದರೊಳಗಿನ ಗಾಜಿನ ಪಟ್ಟಿಗಳೆಲ್ಲ ಪುಡಿಯಾಗಬಹುದು. ಬಿಸಿಲಿಗೆ ಕಾರು ಕಾದು, ಪಟ್ಟಿಗಳ ಮೇಲಿನ ಅಂಟು ಮೆತ್ತಗಾಗಿ, ಒಂದರ ಚೂರು ಇನ್ನೊಂದಕ್ಕೆ ಅಂಟಿಕೊಳ್ಳಬಹುದು. ಆಲ್ಬರಿಯ ಹತ್ತಿರ ಹಣ್ಣು ತರಬಾರದೆಂದು ತಪಾಸಣೆ ಮಾಡುವವರು ಪೆಟ್ಟಿಗೆ ತೆಗೆಸಿ, "ಇದೇನು?" ಎಂದು ಕೇಳಬಹುದು; "ಶಾರ್ಕಿನ ಬೆನ್ನುಮುಳ್ಳಿನ ಚೂರು" ಎಂದರೆ ನಂಬದೆ ಇರಬಹುದು. ದಾರಿಯ ಮೋಟೆಲಿನಲ್ಲಿ ಪೆಟ್ಟಿಗೆ ಮರೆಯಬಹುದು. ಪೆಟ್ಟಿಗೆಯನ್ನು ನೆನಪಿಟ್ಟುಕೊಂಡು ಲೆಕ್ಕದ ಲಕೋಟೆಯನ್ನು ಮರೆಯಬಹುದು. ಎಲ್ಲ ದಾಟಿ ಮೆಲ್ಬರ್ನ್ ಮುಟ್ಟಿದರೆ, ಅಲ್ಲಿ ಬಲಕ್ಕೆ ತಿರುಗಲು ಎಡಗಡೆಯ ಲೇನಿಗೆ ಹೋಗಿ ನಿಲ್ಲಬೇಕಂತೆ. ನಿಂತವನ ಮೇಲೆ ಟ್ರಾಮ್ ಬರಬಹುದು.

ಪೆಟ್ಟಿಗೆಗೆ ಸೀಟ್ ಬೆಲ್ಟ್ ಹಾಕಿದೆ. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯ ಮುಂದೆ ಕಾಫಿ ಲೋಟ ಹಿಡಿದು ನಿಂತಿದ್ದ ನನ್ನ ಹೆಂಡತಿ ಸುಮಾ ಎಲ್ಲವನ್ನೂ ನೋಡಿದಳು.

"ಮಗಳನ್ನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡ್ ಬರೋವಾಗ್ಲೂ ಇಷ್ಟು ಜೋಪಾನ ಮಾಡಿರ್ಲಿಲ್ರೀ ನೀವು."

"ಮಗಳು ಒಡೆಯೋ ಸಾಮಾನಲ್ಲ."

"ಪ್ಲೇನಲ್ಲಿ ಹೋಗ್ರಿ ಅಂದೆ. ಒಂದೂವರೆ ತಾಸು."

"ಪ್ಲೇನ್ ಬಿದ್ರೆ?"

"ಬಿದ್ರೆ ಮೀನಿನ ಮುಳ್ಳು ಏನಾಯ್ತು ಅಂತ ಯಾರ್ ಕೇಳ್ತಾರ್ರೀ?"

ಕೇಳುವವರಿದ್ದರು. ಎರಡು ದಿನ ಬಿಟ್ಟು ಮೆಲ್ಬರ್ನಿನಲ್ಲಿ ಒಂದು ಸಮಿತಿ ಕೂರುವುದಿತ್ತು. ಕರಾವಳಿಯಿಂದ ಆಚೆ, ಸಮುದ್ರದ ತಳ ಇದ್ದಕ್ಕಿದ್ದಂತೆ ಆಳಕ್ಕೆ ಇಳಿಯುವ ಇಳಿಜಾರಿನ ಎರಡು ಕಣಿವೆಗಳಲ್ಲಿ ಟ್ರಾಲ್ ಬಲೆ ಎಳೆಯುವುದನ್ನು ನಿಲ್ಲಿಸಬೇಕೇ ಬೇಡವೇ ಎಂದು ತೀರ್ಮಾನಿಸುವ ಸಮಿತಿ. ಅಲ್ಲಿ ಉಳಿದಿರುವ ಒಂದು ಜಾತಿಯ ಶಾರ್ಕು ಎಷ್ಟು ನಿಧಾನವಾಗಿ ಬೆಳೆಯುತ್ತದೆ ಎನ್ನುವುದಕ್ಕೆ ನಮ್ಮಲ್ಲಿದ್ದ ಸಾಕ್ಷಿಯೆಲ್ಲ ಆ ಪೆಟ್ಟಿಗೆಯಲ್ಲಿತ್ತು. ಸಮಿತಿ ನಂಬಿದರೆ ಕಣಿವೆ ಮುಚ್ಚುತ್ತದೆ. ನಂಬದಿದ್ದರೆ ಚಳಿಗಾಲಕ್ಕೆ ಎಂದಿನಂತೆ ಬಲೆಗಳು ಇಳಿಯುತ್ತವೆ; ವಿಷಯ ಮತ್ತೆ ಮೇಜಿಗೆ ಬರಲು ವರ್ಷಗಳು ಬೇಕು, ಅಷ್ಟರಲ್ಲಿ ಕಾಪಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ.

ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಪೆಟ್ಟಿಗೆ ಕೂದಲೂ ಕೊಂಕದೆ ಮೆಲ್ಬರ್ನ್ ಮುಟ್ಟಿತು. ಆಗಿದ್ದೇ ಬೇರೆ, ತೀರಾ ಸಣ್ಣದು. ಅದು ತಿಳಿಯಬೇಕಾದರೆ ಕೆಲಸ ಎಂಥದು ಎಂದು ಮೊದಲು ಹೇಳಬೇಕು.

ನಮ್ಮ ಮೀನುಗಾರಿಕೆಯ ಪ್ರಯೋಗಾಲಯವನ್ನು ಬೇರೆ ಊರಿಗೆ ಸಾಗಿಸಿದಾಗ ನಾನು ಐವತ್ತಾರಕ್ಕೇ ನಿವೃತ್ತಿ ತೆಗೆದುಕೊಂಡೆ. ಈಗ ಕರ್ನಾಟಕದಿಂದ ಓದಲು ಬಂದ ಹುಡುಗ ಹುಡುಗಿಯರು ಭಾನುವಾರ ಮನೆಗೆ ಬಂದರೆ, "ಅಂಕಲ್, ಮರೀನ್ ಸೈನ್ಸ್ ಅಂದ್ರೆ ಡೈವಿಂಗ್ ಇರುತ್ತಾ? ಬೋಟಲ್ಲಿ ಹೋಗ್ತಿದ್ರಾ?" ಎಂದು ಕೇಳುತ್ತಾರೆ. ಅವರ ಮುಖ ನೋಡಿ ನಿಜ ಹೇಳಲು ನಾಚಿಕೆಯಾಗುತ್ತದೆ. ಇಷ್ಟು ವರ್ಷದಲ್ಲಿ ನಾನು ಬೋಟು ಹತ್ತಿದ್ದು ಎರಡು ಸಲ, ಎರಡೂ ಸಲ ಅದು ಕಟ್ಟೆಗೆ ಕಟ್ಟಿಹಾಕಿಕೊಂಡೇ ಇತ್ತು, ಎರಡನೆಯ ಸಲ ವಾಂತಿ ಮಾಡಿಕೊಂಡೆ. ನಾನು ಟೆಕ್ನಿಷಿಯನ್. ಕತ್ತರಿಸುವವನು, ಉಜ್ಜುವವನು, ಎಣಿಸುವವನು.

ಹುಟ್ಟಿದ್ದು ದಾವಣಗೆರೆಯಲ್ಲಿ. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಸಿಡ್ನಿಗೆ ಬಂದ ಹೊಸತರಲ್ಲಿ ಒಂದು ಪೆಥಾಲಜಿ ಲ್ಯಾಬಿನಲ್ಲಿ, ಮನುಷ್ಯರ ದೇಹದಿಂದ ತೆಗೆದ ಗಂಟುಗಳನ್ನು ಸೂಕ್ಷ್ಮದರ್ಶಕಕ್ಕೆ ತೆಳ್ಳಗೆ ಹೋಳು ಮಾಡುತ್ತಿದ್ದೆ. ಆಮೇಲೆ ಮೀನುಗಾರಿಕೆಯ ಪ್ರಯೋಗಾಲಯಕ್ಕೆ "ತೆಳ್ಳಗೆ ಕತ್ತರಿಸಲು ಬರುವವರು ಬೇಕು" ಎಂಬ ಜಾಹೀರಾತು ಬಂತು. ಏನನ್ನು ಕತ್ತರಿಸಬೇಕು ಎಂದು ಇಂಟರ್‌ವ್ಯೂನಲ್ಲಿ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮೊದಲ ವಾರ ಸಂಜೆಯ ರೈಲಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಾಗಿಯೇ ಇತ್ತು. ಎರಡನೆಯ ವಾರ ಎದುರಿನದೂ ಖಾಲಿಯಾಯಿತು. ಸುಮಾ ಕಾನೂನು ಮಾಡಿದಳು: ಹಿಂದಿನ ಬಾಗಿಲಿಂದ ಬರುವುದು, ಲಾಂಡ್ರಿಯಲ್ಲಿ ಬಟ್ಟೆ ಬಿಚ್ಚುವುದು, ಸ್ನಾನ ಆಗುವವರೆಗೆ ಮಾತಿಲ್ಲ. ಖುಷಿಪಟ್ಟವನು ಒಬ್ಬನೇ, ಪಕ್ಕದ ಮನೆಯ ವಿನ್ಸೆಂಟ್. ಮಂಗಳೂರು ಕಡೆಯವನು, ಮನೆಯಲ್ಲಿ ಕೊಂಕಣಿ. ಬೇಲಿಯ ಮೇಲಿಂದ ಬಗ್ಗಿ ಕೇಳಿದ:

"ಬಸಣ್ಣ, ನಿಮ್ಮಲ್ಲಿ ಮೋರಿ ಬರ್ತದಾ?"

"ಮೋರಿ? ಇಲ್ಲಪ್ಪ, ಡ್ರೈನೇಜ್ ಎಲ್ಲಾ ಕೌನ್ಸಿಲ್‌ನವರದ್ದು."

ಆತ ಬೇಲಿ ಹಿಡಿದು ನಕ್ಕ. ಅವರ ಮಾತಿನಲ್ಲಿ ಮೋರಿ ಎಂದರೆ ಶಾರ್ಕು. ಬಾಣಂತಿಯರಿಗೆ ಅದರ ಸಾರು ಬಹಳ ಒಳ್ಳೆಯದಂತೆ. "ಒಂದು ತುಂಡು ತನ್ನಿ ಮಾರಾಯ್ರೆ, ಎಸೆಯುವುದೇ ಅಲ್ವಾ?" ಎಂದು ವರ್ಷಗಟ್ಟಲೆ ಕೇಳಿದ. ನಾನು ತರಲಿಲ್ಲ. ಅದು ನಿಯಮಕ್ಕೆ ವಿರುದ್ಧ ಎಂದು ಹೇಳುತ್ತಿದ್ದೆ. ರೈಲಿನಲ್ಲಿ ತರುವ ಧೈರ್ಯವಿರಲಿಲ್ಲ ಎನ್ನುವುದು ನಿಜ.

ಇನ್ನು ಮೀನು. ಹೆಸರು ಗಲ್ಪರ್ ಶಾರ್ಕ್. ನಾಲ್ಕೈದು ನೂರು ಮೀಟರ್ ಆಳದ ಕತ್ತಲಲ್ಲಿ ಇರುತ್ತದೆ. ಮೈ ಬೂದು, ನನ್ನ ತೋಳಿನಷ್ಟು ಉದ್ದ, ಕಣ್ಣು ಮಾತ್ರ ಹಸಿರು ದೀಪ. ಸತ್ತು ಐಸ್‌ನಲ್ಲಿ ಮಲಗಿದ್ದರೂ ಆ ಕಣ್ಣು ನಮ್ಮನ್ನು ವಿಚಾರಿಸಿಕೊಳ್ಳುವಂತೆ ನೋಡುತ್ತದೆ. ಮೊದಲ ತಿಂಗಳು ಕಣ್ಣಿನ ಮೇಲೆ ಟಿಶ್ಯೂ ಮುಚ್ಚಿ ಕತ್ತರಿಸುತ್ತಿದ್ದೆ. ಮೈಯಲ್ಲಿ ಒಂದು ಮೂಳೆ ಇಲ್ಲ. ನಮ್ಮ ಕಿವಿ, ಮೂಗಿನ ತುದಿ ಯಾವುದರಿಂದ ಆಗಿದೆಯೋ ಆ ಮೃದ್ವಸ್ಥಿಯೇ ಅದರ ಅಸ್ಥಿಪಂಜರ. ಹೊಟ್ಟೆ ಸೀಳಿದರೆ ಒಳಗೆಲ್ಲ ಯಕೃತ್ತೇ ತುಂಬಿರುತ್ತದೆ, ಅದರ ತುಂಬ ಎಣ್ಣೆ. ಆ ಎಣ್ಣೆಯಿಂದ ಶಾರ್ಕು ನೀರಲ್ಲಿ ಹಗುರಾಗಿ ತೇಲುತ್ತದೆ. ಅದೇ ಎಣ್ಣೆಯನ್ನು ಮನುಷ್ಯರು ಮುಖಕ್ಕೆ ಹಚ್ಚಿಕೊಳ್ಳುತ್ತಾರೆ, ಮಾತ್ರೆ ಮಾಡಿ ನುಂಗುತ್ತಾರೆ.

ಸಾವಿರಾರು ಮೊಟ್ಟೆ ಇಡುವ ಮೀನಲ್ಲ ಇದು. ಹೆಣ್ಣು ದೊಡ್ಡದಾಗಲು ಎಷ್ಟೋ ವರ್ಷ ಬೇಕು. ಆದ ಮೇಲೆ ಒಂದು ಮರಿ, ಹೆಚ್ಚೆಂದರೆ ಎರಡು. ಆ ಮರಿ ತಾಯಿಯ ಹೊಟ್ಟೆಯಲ್ಲಿ ಎರಡು ವರ್ಷವೋ ಇನ್ನೂ ಹೆಚ್ಚೋ ಇರುತ್ತದೆ. ಬಲೆ ಮೇಲೆ ಬರುವಷ್ಟರಲ್ಲಿ ಬಹುಪಾಲು ಸತ್ತಿರುತ್ತವೆ, ಹಾಗಾಗಿ "ಬೇಡವಾದರೆ ವಾಪಸ್ ಬಿಡ್ತೀವಿ" ಎನ್ನುವ ಮಾತಿಗೂ ಅರ್ಥವಿಲ್ಲ.

ಮಿಕ್ಕ ಮೀನಿನ ವಯಸ್ಸು ಹೇಳಲು ಕಿವಿಯೊಳಗಿನ ಸಣ್ಣ ಕಲ್ಲನ್ನು ನೋಡುತ್ತಾರೆ. ಶಾರ್ಕಿಗೆ ಅಂಥ ಕಲ್ಲಿಲ್ಲ. ಆದರೆ ಇದರ ಬೆನ್ನಿನ ಎರಡು ರೆಕ್ಕೆಗಳ ಮುಂದೆ ಒಂದೊಂದು ಗಟ್ಟಿ ಮುಳ್ಳಿದೆ. ಅದನ್ನು ಕಿತ್ತು, ಬಿಸಿನೀರಲ್ಲಿ ಅದ್ದಿ, ಮಾಂಸ ಕೆರೆದು, ರಾಳದಲ್ಲಿ ಹುಗಿದು, ವಜ್ರದ ಗರಗಸದಲ್ಲಿ ಉಗುರಿಗಿಂತ ತೆಳ್ಳಗೆ ಹೋಳು ಮಾಡಿ, ಗಾಜಿಗೆ ಅಂಟಿಸಿ ನೋಡಿದರೆ ಮರದ ಬೊಡ್ಡೆಯಂತೆ ಗೆರೆಗಳು ಕಾಣುತ್ತವೆ. ಎಣಿಸಿದರೆ ವಯಸ್ಸು. ಹೇಳಲು ಸುಲಭ. ಒಂದೊಂದು ಗೆರೆಯೂ ಇದೆಯೋ ಇಲ್ಲವೋ ಎನ್ನುವ ಹಾಗಿರುತ್ತದೆ. ಸಾಲದ್ದಕ್ಕೆ, ಬೇಸಿಗೆ ಚಳಿಗಾಲ ಎರಡೂ ಇಲ್ಲದ ಆ ಆಳದಲ್ಲಿ ವರ್ಷಕ್ಕೊಂದೇ ಗೆರೆ ಬೀಳುತ್ತದೆ ಎನ್ನುವುದೂ ನಮ್ಮ ಊಹೆಯೇ.

ನನ್ನ ಮೇಲಧಿಕಾರಿ ಮಾರ್ಗರೆಟ್. ಅರವತ್ತರ ಹತ್ತಿರದ, ಕುಳ್ಳಗಿನ, ದನಿ ಎತ್ತದ ಹೆಂಗಸು. ಬಸವರಾಜ ಎನ್ನಲು ಎರಡು ದಿನ ಪ್ರಯತ್ನಿಸಿ ಬ್ಯಾಝ್ ಎಂದು ಇಳಿಸಿದವಳು ಅವಳೇ. ಪ್ರಾಯದಲ್ಲಿ ಟ್ರಾಲರುಗಳ ಮೇಲೆ ಹೋಗಿ ಈ ಶಾರ್ಕುಗಳನ್ನು ಬುಟ್ಟಿಗಟ್ಟಲೆ ಎಣಿಸಿದ್ದಳು. ಅವೇ ಜಾಗಗಳಲ್ಲಿ ಈಗ ಬುಟ್ಟಿ ಬೇಕಿರಲಿಲ್ಲ, ಬೆರಳು ಸಾಕಿತ್ತು. ಅದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಕಿಟಕಿಯ ಕಡೆ ನೋಡುತ್ತ. ಮರುಕ್ಷಣ, "ಗರಗಸಕ್ಕೆ ನೀರು ಹಾಕಿದೆಯಾ?" ಎಂದಳು.

ಅವಳ ಕೈಕೆಳಗೆ ನನ್ನ ಮೊದಲ ದೊಡ್ಡ ಎಡವಟ್ಟು ಸೇರಿದ ಮೂರನೆಯ ತಿಂಗಳಲ್ಲಾಯಿತು. ಮುಳ್ಳುಗಳನ್ನು ಮದ್ಯಸಾರದ ಸೀಸೆಗಳಲ್ಲಿ ಹಾಕಿ ಚೀಟಿ ಇಡಬೇಕು. ನಾನು ಚೀಟಿಗಳನ್ನು ಹೊಸ ಪೆನ್ನಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಸೋಮವಾರ ಬಂದು ನೋಡಿದರೆ ಹದಿನಾಲ್ಕು ಸೀಸೆಗಳಲ್ಲಿ ಹದಿನಾಲ್ಕು ಬಿಳಿ ಕಾಗದ, ತಿಳಿನೀಲಿ ನೀರು. ಯಾವ ಮುಳ್ಳು ಯಾವ ಮೀನಿನದು ಎಂದು ದೇವರಿಗೂ ಗೊತ್ತಿಲ್ಲ. ಕೆಲಸ ಹೋಯಿತು, ಇಲ್ಲಿ ನೆಲೆಸಲು ಸಿಕ್ಕಿದ್ದ ಪಿಆರ್ ಹೋಯಿತು, ಸಂಸಾರ ಸಮೇತ ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿದೆವು ಎಂದೇ ಲೆಕ್ಕ ಹಾಕಿದೆ. ಮಾರ್ಗರೆಟ್ ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಜೇಬಿನಿಂದ ಮೋಟು ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟು ಹೋದಳು. ಬೈದಿದ್ದರೆ ಒಂದು ವಾರಕ್ಕೆ ಮರೆಯುತ್ತಿದ್ದೆ. ಬೈಯಲಿಲ್ಲವಾದ್ದರಿಂದ ಇಂದಿಗೂ ಕನಸಿನಲ್ಲಿ ನೀಲಿ ನೀರು ಬರುತ್ತದೆ.

ನಮಗೆ ಶಾರ್ಕು ತಂದುಕೊಡುತ್ತಿದ್ದವನು ಸ್ಯಾಲ್. ಅಪ್ಪನ ಕಾಲಕ್ಕೆ ಸಿಸಿಲಿಯಿಂದ ಬಂದ ಮೀನುಗಾರ ಕುಟುಂಬದವನು, ಟ್ರಾಲರಿನ ಯಜಮಾನ. ನಾವು ಮುಚ್ಚಬೇಕೆಂದಿದ್ದ ಎರಡು ಕಣಿವೆಗಳಲ್ಲಿ ಬಹುತೇಕ ಅವನ ಬಲೆಯೇ ಇಳಿಯುತ್ತಿದ್ದದ್ದು. ಸಮಿತಿಯಲ್ಲಿ ಮೀನುಗಾರರ ಪರವಾಗಿ ಕೂರುವವನೂ ಅವನೇ; ಅವನು ಬೇಡವೆಂದರೆ ಆಗುತ್ತಿರಲಿಲ್ಲ. ಆದರೂ ನಮಗೆ ಮೀನು ಕೊಡುತ್ತಿದ್ದ, ಯಾಕೆಂದರೆ ಎಣಿಕೆ ತನ್ನ ಪರವಾಗಿ ಬರುತ್ತದೆಂದು ಅವನಿಗೆ ಖಾತ್ರಿಯಿತ್ತು.

"ನಾಲ್ಕೈದು ವರ್ಷಕ್ಕೆ ದೊಡ್ಡದಾಗ್ತಾವೆ ಮೇಟ್," ಎನ್ನುತ್ತಿದ್ದ. "ಒಂದು ಜಾಗ ಖಾಲಿ ಆದ್ರೆ ಬಿಟ್ಟು ಬೇರೆ ಕಡೆ ಹೋಗ್ತೀನಿ. ವಾಪಸ್ ಬರೋಷ್ಟರಲ್ಲಿ ತುಂಬಿರುತ್ತೆ."

"ತುಂಬಿದೆಯಾ?"

"ಇನ್ನೂ ವಾಪಸ್ ಹೋಗಿಲ್ಲ."

ಒಂದು ಬೆಳಿಗ್ಗೆ ಕಟ್ಟೆಗೆ ಹೋದಾಗ ನನ್ನನ್ನು ನೋಡಿದ್ದೇ ಐಸ್ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿದ. ಒಳಗೆ ಒಂದು ದೊಡ್ಡ ಹೆಣ್ಣು. ಅಷ್ಟು ದೊಡ್ಡದನ್ನು ನಾನು ನೋಡಿರಲಿಲ್ಲ. ಪಕ್ಕದಲ್ಲಿ ಅಂಗೈಗಿಂತ ಸ್ವಲ್ಪ ಉದ್ದದ ಮರಿ. ಬಲೆ ಮೇಲೆ ಬರುವಾಗ ತಾಯಿಯ ಹೊಟ್ಟೆಯಿಂದ ಜಾರಿ ಬಿದ್ದದ್ದು. ಮರಿಗೂ ಅದೇ ಹಸಿರು ಕಣ್ಣು.

"ದಕ್ಷಿಣದ ಕಣಿವೆಯದ್ದು. ಮಾರಿದ್ರೆ ಯಕೃತ್ತು ಚೆನ್ನಾಗಿತ್ತು," ಎಂದ ಸ್ಯಾಲ್. "ತಗೊಂಡು ಹೋಗು ಬ್ಯಾಝ್. ಆರೋ ಏಳೋ ವರ್ಷ ಇರುತ್ತೆ. ಎಣಿಸಿ ನನಗೆ ಹೇಳ್ಬೇಕು, ನಿಮ್ಮ ಮೇಡಂಗಲ್ಲ, ನನಗೆ. ಆಯ್ತಾ?"

ಆಯ್ತು ಎಂದೆ. ಅದರ ಮುಳ್ಳನ್ನು ಕತ್ತರಿಸಿದೆ. ಎಣಿಸಿ ಮುಗಿಸಿದಾಗ ಬಂದ ಸಂಖ್ಯೆ ಏಳರ ಹತ್ತಿರವೂ ಇರಲಿಲ್ಲ, ಇಪ್ಪತ್ತೇಳಿತ್ತು. ಹೇಳಬೇಕೆಂದರೆ ಹೇಳುವ ಹಾಗಿರಲಿಲ್ಲ.

ಹೇಳಬಾರದೆಂಬುದು ಮಾರ್ಗರೆಟ್ ತಂದಿದ್ದ ಹೊಸ ಪದ್ಧತಿ. ಮೊದಲೆಲ್ಲ ಒಬ್ಬ ಎಣಿಸುವುದು, ಇನ್ನೊಬ್ಬ ಪಕ್ಕದಲ್ಲಿ ನಿಂತು "ಹೌದು ಹೌದು" ಎನ್ನುವುದು. ಈಗ ಇಬ್ಬರು ಬೇರೆ ಬೇರೆ ಊರಿನಲ್ಲಿ, ಚೀಟಿಯಲ್ಲಿ ಮೀನಿನ ಉದ್ದ ಅಗಲ ಬರೆಯದೆ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಎಣಿಸಬೇಕು. ಪ್ರತಿ ಮುಳ್ಳಿನಿಂದ ಎರಡು ಹೋಳು. ಒಂದು ನನಗೆ, ಇನ್ನೊಂದು ಮೆಲ್ಬರ್ನಿನ ಪ್ರಯೋಗಾಲಯದ ಹೆಲೆನ್‌ಗೆ. ಸಂಖ್ಯೆಗಳು ಮೊಹರಾದ ಲಕೋಟೆಯಲ್ಲಿ. ಸಭೆಯ ಹಿಂದಿನ ಮಧ್ಯಾಹ್ನ ಮೆಲ್ಬರ್ನಿನಲ್ಲಿ ಎರಡೂ ಲಕೋಟೆ ಒಡೆಯುವುದು. ಹೊಂದದೆ ಇದ್ದವನ್ನು ಇಬ್ಬರೂ ಕೂತು ಮತ್ತೆ ನೋಡಲು ನನ್ನ ಹೋಳುಗಳನ್ನೂ ಅಲ್ಲಿಗೆ ಒಯ್ಯುವುದು. ಪೆಟ್ಟಿಗೆಗೆ ಸೀಟ್ ಬೆಲ್ಟ್ ಬಂದದ್ದು ಹೀಗೆ.

ಹೆಲೆನ್ ಉದ್ದನೆಯ, ಸದಾ ನಗುವ ಹೆಂಗಸು. ಚಹಾ ಕೊಟ್ಟಳು. ವಿಮಾನದಲ್ಲಿ ಬಂದಿದ್ದ ಮಾರ್ಗರೆಟ್ ಲಕೋಟೆಗಳನ್ನು ಒಡೆದು, ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದತೊಡಗಿದಳು. ಮೊದಲು ನನ್ನದು, ಆಮೇಲೆ ಹೆಲೆನ್‌ಳದು.

"ಹನ್ನೆರಡು, ಹನ್ನೊಂದು. ಹತ್ತೊಂಬತ್ತು, ಹದಿನೆಂಟು. ಒಂಬತ್ತು, ಎಂಟು."

ಒಂದು ವರ್ಷ ಆಚೀಚೆ ಆಗುವುದು ಸಹಜ, ಪರವಾಗಿಲ್ಲ ಅಂದುಕೊಂಡೆ. ಆದರೆ ಅವಳ ಬೆರಳು ಕೆಳಗಿಳಿಯುತ್ತ ಹೋದ ಹಾಗೆ ದನಿ ನಿಧಾನವಾಯಿತು. ಹದಿನೈದು, ಹದಿನಾಲ್ಕು. ಇಪ್ಪತ್ತೆರಡು, ಇಪ್ಪತ್ತೊಂದು. ಹೆಲೆನ್ ನಗುವುದನ್ನು ನಿಲ್ಲಿಸಿದಳು. ಹಾಳೆಯ ಕೊನೆಯವರೆಗೆ ಒಂದು ಸಾಲೂ ತಪ್ಪದೆ ನನ್ನದು ಒಂದು ಹೆಚ್ಚು.

ತಪ್ಪುಗಳು ಆಚೆ ಒಂದು ಈಚೆ ಒಂದು ಚೆಲ್ಲಿಕೊಂಡಿದ್ದರೆ ಅದು ಕಣ್ಣಿನ ತಪ್ಪು, ಯಾರಾದರೂ ಕ್ಷಮಿಸುತ್ತಾರೆ. ಎಲ್ಲದರಲ್ಲೂ ಒಂದೇ ಒಂದು ಹೆಚ್ಚೆಂದರೆ ಅದು ಬೇರೆ ರೋಗ.

"ಬ್ಯಾಝ್, ಹುಟ್ಟಿನ ಗೆರೆಯನ್ನೂ ಸೇರಿಸಿ ಎಣಿಸಿದೆಯಾ?" ಎಂದು ಕೇಳಿದಳು ಹೆಲೆನ್. ಮುಳ್ಳಿನಲ್ಲಿ ಎಲ್ಲಕ್ಕಿಂತ ಮೊದಲ ಗೆರೆ ಮರಿ ಹುಟ್ಟಿದಾಗ ಬೀಳುವುದು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಅದರ ಮುಂದಿನದು ಒಂದು.

"ಇಲ್ಲ. ಅದನ್ನು ಬಿಟ್ಟೇ ಎಣಿಸಿದ್ದೇನೆ. ಆಣೆ ಮಾಡಿ ಹೇಳ್ತೇನೆ."

"ಎಲ್ಲದರಿಂದ ಒಂದು ಕಳೆದುಬಿಡೋಣ. ಐದು ನಿಮಿಷದ ಕೆಲಸ," ಎಂದಳು ಹೆಲೆನ್.

"ಯಾಕೆ ಹೆಚ್ಚಾಯ್ತು ಅಂತ ಗೊತ್ತಿಲ್ಲದೆ ಕಳೆದರೆ ಅದು ತಿದ್ದಿದ ಹಾಗಲ್ಲ, ಮುಚ್ಚಿದ ಹಾಗೆ," ಎಂದಳು ಮಾರ್ಗರೆಟ್. "ನಾಳೆ ಸ್ಯಾಲ್ ಇದೇ ಪ್ರಶ್ನೆ ಕೇಳಿದರೆ ಏನು ಹೇಳ್ತೀವಿ? ಕಣಿವೆ ಅಲ್ಲಿಗೆ ಮುಗೀತು."

ಅಲ್ಲಿ ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕವಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಹೆಲೆನ್. ಸ್ಯಾಲ್ ಕೊಟ್ಟಿದ್ದ ದೊಡ್ಡ ಹೆಣ್ಣಿನ ಹೋಳನ್ನೇ ಇಟ್ಟಳು. "ಜೋರಾಗಿ ಎಣಿಸು. ಒಂದೊಂದು ಗೆರೆಗೂ ಸೂಜಿಯ ತುದಿ ತೋರಿಸು."

"ಒನ್, ಟೂ, ಥ್ರೀ..." ಕೊನೆಗೆ ಇಪ್ಪತ್ತಾರು ಬಂತು.

"ನನಗೂ ಇಪ್ಪತ್ತಾರು. ನಿನ್ನ ಹಾಳೆಯಲ್ಲಿ ಇಪ್ಪತ್ತೇಳಿದೆ."

ಮತ್ತೆ ಎಣಿಸಿದೆ, ಇಪ್ಪತ್ತಾರು. ಮೂರನೆಯ ಸಲ, ಇಪ್ಪತ್ತಾರು. ಹಾಗಾದರೆ ಸಿಡ್ನಿಯಲ್ಲಿ ಕೂತು ಎಣಿಸಿದವನು ಯಾರು? ಮಾರ್ಗರೆಟ್ ನನ್ನನ್ನೇ ನೋಡುತ್ತ ನಿಂತಿದ್ದವಳು, "ನೀನು ಒಬ್ಬನೇ ಇದ್ದಾಗ ಹೀಗೆ ಎಣಿಸಲ್ಲ," ಎಂದಳು. "ಬಾಗಿಲ ಹೊರಗಿಂದ ಕೇಳಿದ್ದೇನೆ. ಏನೋ ಗೊಣಗ್ತೀಯ. ಹಾಗೇ ಎಣಿಸು."

ಕಣ್ಣನ್ನು ಮತ್ತೆ ಸೂಕ್ಷ್ಮದರ್ಶಕಕ್ಕೆ ಒತ್ತಿದೆ. ಸೂಜಿಯ ತುದಿಯನ್ನು ಹುಟ್ಟಿನ ಗೆರೆಯ ಮೇಲೆ ಇಟ್ಟೆ. ಬಾಯಿ ತಾನಾಗಿ ಹೊರಟಿತು: "ಲಾಭ." ಸೂಜಿ ಮುಂದಿನ ಗೆರೆಗೆ ಹೋಯಿತು. "ಎರಡು."

ಅಲ್ಲೇ ನಿಂತೆ.

ನಮ್ಮಪ್ಪನಿಗೆ ದಾವಣಗೆರೆಯಲ್ಲಿ ಮಂಡಕ್ಕಿ ಅಂಗಡಿ ಇತ್ತು. ಸೇರಿನಲ್ಲಿ ಅಳೆದು ಸುರಿಯುವಾಗ ಮೊದಲ ಸೇರಿಗೆ ಅವರು ಒಂದು ಎಂದದ್ದನ್ನು ನಾನು ಕೇಳಿಯೇ ಇಲ್ಲ. ಲಾಭ, ಎರಡು, ಮೂರು, ನಾಲ್ಕು. ಅಳೆಯುವವರ ಬಾಯಲ್ಲಿ ಶುಭವಾಗಲಿ ಎಂದು ಬಂದ ಮಾತು. ಅದೇ ನನ್ನ ಬಾಯಿಗೂ ಹತ್ತಿತ್ತು. ಹುಟ್ಟಿನ ಗೆರೆಯನ್ನು ಎಣಿಸಬಾರದು ಎಂದು ನನಗೆ ಚೆನ್ನಾಗಿ ನೆನಪಿತ್ತು. ಎಣಿಸದೆ ದಾಟಬೇಕೆಂದೇ ಅದಕ್ಕೆ ಸಂಖ್ಯೆ ಕೊಡದೆ ಲಾಭ ಅಂದಿದ್ದೆ. ಆದರೆ ಲಾಭ ಅಂದ ನಾಲಿಗೆಗೆ ಮುಂದೆ ಗೊತ್ತಿರುವುದು ಎರಡೇ. ಒಂದು ಎನ್ನುವುದು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಕೆಲಸ ಕಲಿಯುವಾಗ ಮಾರ್ಗರೆಟ್ ಎದುರು ಇಂಗ್ಲಿಷಿನಲ್ಲಿ ಎಣಿಸಿ ಸರಿ ಎನಿಸಿಕೊಂಡವನು, ಒಬ್ಬನೇ ಕೂತ ದಿನದಿಂದ ಸಮುದ್ರದ ಶಾರ್ಕುಗಳನ್ನೆಲ್ಲ ಮಂಡಕ್ಕಿಯ ಹಾಗೆ ಅಳೆದಿದ್ದೆ.

ವಿವರಿಸಿದೆ. ಹೆಲೆನ್ ಬಾಯಿಗೆ ಕೈ ಅಡ್ಡ ಹಿಡಿದಳು. "ಅಂದರೆ ನಿನ್ನ ಭಾಷೆಯಲ್ಲಿ ಮೀನಿಗೆ ಒಂದು ವರ್ಷ ಬೋನಸ್ಸಾ?"

ಮಾರ್ಗರೆಟ್ ನಗಲಿಲ್ಲ. ಪೆನ್ಸಿಲ್ ಕೊಟ್ಟಳು. "ಹಳೆಯದನ್ನು ಅಳಿಸಬೇಡ, ಗೆರೆ ಎಳೆ. ಪಕ್ಕದಲ್ಲಿ ಹೊಸದು ಬರಿ, ಸಹಿ ಹಾಕು. ಎಲ್ಲವನ್ನೂ ಮತ್ತೆ ಎಣಿಸು, ಇಂಗ್ಲಿಷಿನಲ್ಲಿ. ನಾಳೆ ಸಭೆಯಲ್ಲಿ ನೀನೇ ಹೇಳ್ಬೇಕು."

"ನಾನಾ? ನಾನು ಟೆಕ್ನಿಷಿಯನ್. ಸಭೆಯಲ್ಲಿ ನನಗೆ ಕುರ್ಚಿಯೂ ಇಲ್ಲ."

"ಎಣಿಸಿದವನು ನೀನು. ನಿಂತುಕೊಂಡೇ ಹೇಳು."

ಸಂಜೆ ಆರರ ಹೊತ್ತಿಗೆ ಮುಗಿಯಿತು. ಎರಡು ಹಾಳೆಗಳೂ ಹೆಚ್ಚುಕಮ್ಮಿ ಕೂಡಿದವು. ಹೋಟೆಲಿಗೆ ಬಂದು ಸುಮಾಗೆ ಫೋನ್ ಮಾಡಿ, ಎಲ್ಲ ಹೇಳಿ, ನಾಳೆ ಕಣಿವೆಯೂ ಹೋಯಿತು ನನ್ನ ಕೆಲಸವೂ ಹೋಯಿತು ಎಂದೆ. ಆ ಕಡೆಯಿಂದ ಬಿಕ್ಕಿದ ಹಾಗೆ ಸದ್ದು ಬಂತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

"ನಿಮ್ಮ ಅಪ್ಪಾಜಿ ಇರ್ಬೇಕಿತ್ರೀ. ಮಗ ಮೀನು ಮುಟ್ಟಿದ ಅಂತ ಬೈದೋರು, ಅದಕ್ಕೂ ಲಾಭ ಹೇಳಿದಾನೆ ಅಂದ್ರೆ ಖುಷಿ ಪಡ್ತಿದ್ರು."

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಜಗ್ಗುಗಳು. ಅಧ್ಯಕ್ಷೆಯ ಎಡಗಡೆ ಸ್ಯಾಲ್, ಇಸ್ತ್ರಿ ಮಾಡಿದ ಅಂಗಿಯಲ್ಲಿ ಅಪರಿಚಿತನ ಹಾಗೆ ಕಂಡ. ಮಾರ್ಗರೆಟ್ ತನ್ನ ಭಾಗ ಹೇಳಿ, ನನ್ನ ಕಡೆ ತಿರುಗಿದಳು. ನಾನು ಗೋಡೆಯ ಬಳಿಯಿಂದ ಎದ್ದು ಹೇಳಿದೆ: ಮೊದಲು ಎಣಿಸಿದವನು ನಾನು, ಎಲ್ಲ ಮೀನಿಗೂ ಒಂದು ವರ್ಷ ಹೆಚ್ಚು ಹೇಳಿದ್ದೆ, ಕಾರಣ ಇಂಥದು, ನಿನ್ನೆ ತಿದ್ದಿದ್ದೇನೆ, ಹಳೆಯ ಸಂಖ್ಯೆಗಳೂ ಅಲ್ಲೇ ಇವೆ, ನೋಡಬಹುದು. ಮಂಡಕ್ಕಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು 'ಪಫ್ಡ್ ರೈಸ್' ಎಂದದ್ದು ನೆನಪಿದೆ. ಯಾರೋ ನಕ್ಕರು. ಸ್ಯಾಲ್‌ನ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಟ್ರಾಲರ್ ಯಜಮಾನ ಪೆನ್ನು ಮೇಜಿಗೆ ಬಡಿದ.

"ಎಣಿಸೋಕೇ ಬರದವರ ಮಾತು ಕೇಳಿ ನಾವು ಬಲೆ ಹಾಕೋ ಗ್ರೌಂಡ್ ಬಿಡಬೇಕಾ? ಇವತ್ತು ಒಂದು ವರ್ಷ ಕಮ್ಮಿ ಆಯ್ತು. ಇನ್ನೊಂದು ವಾರ ಬಿಟ್ಟರೆ ಇನ್ನೂ ಹತ್ತು ಕಮ್ಮಿ ಆಗುತ್ತೆ."

"ಅಷ್ಟೇ ಅಲ್ಲ," ಎಂದ ಸ್ಯಾಲ್. "ವರ್ಷಕ್ಕೊಂದು ಗೆರೆ ಅಂತ ಆ ಮೀನೇನು ಬಂದು ಹೇಳ್ತಾ?"

"ಇಲ್ಲ," ಎಂದಳು ಮಾರ್ಗರೆಟ್. "ನಮಗೆ ಗೊತ್ತಿರೋದರಲ್ಲಿ ಅದೇ ಹೆಚ್ಚು ಸರಿ ಅನ್ನಿಸುತ್ತೆ. ಖಚಿತವಾಗಿ ಗೊತ್ತು ಅಂತ ನಾನು ಹೇಳಲ್ಲ."

ಹೇಳಬಾರದಿತ್ತು ಎನಿಸಿತು ನನಗೆ. ಅಧ್ಯಕ್ಷೆ ಗಡಿಯಾರ ನೋಡಿಕೊಂಡರು. ಹೋಯಿತು, ಅಂದುಕೊಂಡೆ.

ಸ್ಯಾಲ್ ನನ್ನನ್ನೇ ನೋಡುತ್ತಿದ್ದ. "ಬ್ಯಾಝ್, ನಾನು ಕೊಟ್ಟ ಆ ದೊಡ್ಡ ಹೆಣ್ಣು. ಹೇಳ್ತೀನಿ ಅಂತ ನೀನು ಅಂದಿದ್ದೆ. ಹೇಳಲಿಲ್ಲ."

"ಲಕೋಟೆ ಒಡೆಯುವವರೆಗೆ ಹೇಳುವ ಹಾಗಿರಲಿಲ್ಲ."

"ಈಗ ಹೇಳು."

"ಇಪ್ಪತ್ತಾರು. ನಿನ್ನೆ ಮಧ್ಯಾಹ್ನದವರೆಗೆ ಇಪ್ಪತ್ತೇಳು."

ಅವನು ಮೇಜಿನ ಅಂಚಿನಲ್ಲಿ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತ ಹಿಂದಕ್ಕೆ ಎಣಿಸತೊಡಗಿದ. ತುಟಿ ಅಲ್ಲಾಡುತ್ತಿತ್ತು. ಇಟಾಲಿಯನ್ ಇರಬೇಕು. ಒಮ್ಮೆ ತಪ್ಪಿ ಮೊದಲಿಂದ ಶುರುಮಾಡಿದ. ಪಕ್ಕದವನು ಏನೋ ಪಿಸುಗುಟ್ಟಲು ಬಗ್ಗಿದರೆ ಕೈಯಿಂದಲೇ ತಡೆದ.

"ದಕ್ಷಿಣದ ಕಣಿವೆ ಮುಚ್ಚಿ," ಎಂದ ಕೊನೆಗೆ, ಯಾರ ಕಡೆಯೂ ನೋಡದೆ. "ಉತ್ತರದ್ದು ನನಗೆ ಬೇಕು. ಅದಕ್ಕೆ ಕೈ ಹಾಕಬೇಡಿ."

ಪಕ್ಕದವನು ಕುರ್ಚಿ ಹಿಂದಕ್ಕೆ ತಳ್ಳಿದ. ಮಾರ್ಗರೆಟ್ ಎರಡನ್ನೂ ಕೇಳಿದ್ದವಳು. ಹಾಳೆಗಳನ್ನು ಒಟ್ಟುಮಾಡುತ್ತ "ಆಗಲಿ" ಎಂದಳು. ಅಧ್ಯಕ್ಷೆ ಬರೆದುಕೊಂಡರು.

ಚಹಾದ ಬಿಡುವಿನಲ್ಲಿ ಸ್ಯಾಲ್ ನನ್ನ ಪಕ್ಕ ಬಂದು ನಿಂತ. ಲೋಟಕ್ಕೆ ಸಕ್ಕರೆ ಹಾಕಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಲಕಿದ.

"ಆ ಕಣಿವೆಗೆ ನಾನು ಮೊದಲ ಸಲ ಬಲೆ ಇಳಿಸಿದ ವರ್ಷ ಹುಟ್ಟಿದೆ ಅದು," ಎಂದ. "ನಾನೂ ಅದೂ ಒಂದೇ ವರ್ಷ ಅಲ್ಲಿಗೆ ಬಂದವರು. ಅಷ್ಟು ವರ್ಷ ನನ್ನ ಬಲೆ ತಪ್ಪಿಸಿಕೊಂಡು, ಕೊನೆಗೆ ಒಂದು ಮರಿ ಮಾಡ್ಕೊಂಡಿತ್ತು."

ತಪ್ಪಾಯ್ತು ಎಂದೆ. ಲೆಕ್ಕದ ಬಗ್ಗೆ ಹೇಳಿದ್ದು.

"ನೀನು ತೆಪ್ಪಗಿರ್ಬೇಕಿತ್ತು ಮೇಟ್," ಎಂದ ಸ್ಯಾಲ್. "ಇಪ್ಪತ್ತೇಳು ಅಂತಲೇ ಬಿಟ್ಟಿದ್ರೆ, ಅದು ನಾನು ಬರೋಕೆ ಮೊದಲಿನದು ಅಂದ್ಕೊಂಡು ಕಣಿವೆ ಬಿಡದೆ ಸುಮ್ಮನಿರ್ತಿದ್ದೆ."